ಜರಿಯ ನೊಣ

ಟ್ರೌಟ್ ಮೀನು ಮೋಸಹೋಗುವುದು ನಕಲಿ ನೊಣಕ್ಕೆ. ಗಾಳಕ್ಕೆ ಗರಿ, ನೂಲು ಸುತ್ತಿ ಕಾಲಕ್ಕೊಂದು ನಮೂನೆಯ ನೊಣ ಕಟ್ಟುವುದರಲ್ಲಿ ಆ ಬೆಟ್ಟದ ತೊರೆಯ ಗೈಡ್ ಬೆಳ್ಳನನ್ನು ಮೀರಿಸುವವರಿರಲಿಲ್ಲ.

"ಹೋದ ವರ್ಷ ಇದೇ ಚಳಿಯಲ್ಲಿ ಇಲ್ಲಿ ಯಾರೋ ಕಾಣೆಯಾದರಂತೆ?" ಹೊಸ ಗಿರಾಕಿ ಗಾಳ ಬೀಸುತ್ತಾ ಕೇಳಿದರು.

"ನಾನು ಅವರ ಮುಖವನ್ನೇ ನೋಡಿಲ್ಲ ಸಾರ್. ಪೊಲೀಸರಿಗೂ ಅದನ್ನೇ ಹೇಳಿದೆ."

ಮಧ್ಯಾಹ್ನವಾದರೂ ಒಂದು ಮೀನೂ ಕಚ್ಚಲಿಲ್ಲ. ಹೆಸರು ಕೆಟ್ಟೀತೆಂದು ಬೆಳ್ಳನಿಗೆ ಕಸಿವಿಸಿಯಾಯಿತು. ಟೋಪಿಗೆ ಸಿಕ್ಕಿಸಿದ್ದ, ಹಸಿರು ರೇಷ್ಮೆಯ ಮೇಲೆ ಹಳೇ ಜರಿ ಸುತ್ತಿದ ನೊಣವೊಂದನ್ನು ತೆಗೆದುಕೊಟ್ಟ.

"ಇದನ್ನು ಹಾಕಿ ಸಾರ್. ಚಳಿಗಾಲದ ಮೀನು ಇದನ್ನು ಬಿಡೋದೇ ಇಲ್ಲ. ನಾನೇ ಕಟ್ಟಿದ್ದು."

ಅವರು ಅದನ್ನು ಬೆರಳಲ್ಲಿ ಹೊರಳಿಸಿ ನೋಡಿ, ಗಾಳದ ಕೋಲನ್ನು ಮೆಲ್ಲಗೆ ಕೆಳಗಿಟ್ಟರು.

"ಇದು ನಮ್ಮಮ್ಮನ ಧಾರೆ ಸೀರೆಯ ಜರಿ. ಹೋದ ವರ್ಷ ಇಲ್ಲಿಗೆ ಹೊರಟ ನನ್ನ ತಮ್ಮನಿಗೆ, ನೊಣ ಕಟ್ಟಿಕೊಳ್ಳಲಿ ಅಂತ ನಾನೇ ಬಿಚ್ಚಿಕೊಟ್ಟಿದ್ದೆ."