ಬಾಗಿದ ರೆಕ್ಕೆ

ಚಾಮರಾಜಪೇಟೆಯ ದೋಣಿ ಬಿಡಿಭಾಗಗಳ ಅಂಗಡಿಯ ಕೌಂಟರಿನ ಮೇಲೆ ರಂಜಿನಿ ರೆಕ್ಕೆ ಬಾಗಿದ ಪ್ರೊಪೆಲ್ಲರನ್ನು ಇಟ್ಟಳು. ಹೋದ ಭಾನುವಾರ ಹಿನ್ನೀರಿನಲ್ಲಿ ಮಾವನ ಮೋಟಾರ್ ದೋಣಿಯನ್ನು ಬಂಡೆಗೆ ತಾಗಿಸಿದವಳು ಅವಳೇ. ಇನ್ನು ದೋಣಿಯ ಚುಕ್ಕಾಣಿ ಮುಟ್ಟಬಾರದೆಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡು ಬಂದಿದ್ದಳು.

"ಯಾರ್ ಸಾರ್ ಈ ಡ್ರೈವರು? ಬಂಡೆ ಇನ್ನೂ ಇದ್ಯಾ, ಇಲ್ಲಾ ಪುಡಿಯಾಯ್ತಾ?" ಎಂದು ಅಂಗಡಿಯ ವೇಣುಗೋಪಾಲ್ ಅವಳ ಪಕ್ಕದಲ್ಲಿದ್ದ ಮಾವನ ಕಡೆ ನೋಡಿ ನಕ್ಕ. ರಂಜಿನಿ ತಲೆ ತಗ್ಗಿಸಿದಳು.

"ನಾನೇ ಕಣಯ್ಯ," ಎಂದರು ಮಾವ ನರಸಿಂಹಯ್ಯ. "ಕಣ್ಣು ಮಂಜಾಗಿದೆ."

ವೇಣುಗೋಪಾಲ್ ಎರಡು ಹೊಸ ಪ್ರೊಪೆಲ್ಲರ್ ತಂದಿಟ್ಟ, ಒಂದು ಸ್ಟೀಲಿನದು, ಇನ್ನೊಂದು ಅಲ್ಯುಮಿನಿಯಂ. ರಂಜಿನಿ ತಕ್ಷಣ ಸ್ಟೀಲಿನದರ ಮೇಲೆ ಕೈಯಿಟ್ಟಳು. "ಇದೇ ಇರ್ಲಿ ಮಾವ. ಬಂಡೆಗೆ ತಾಗಿದ್ರೂ ಬಗ್ಗಲ್ಲ."

"ಬಗ್ಗದೇ ಇದ್ರೆ ಏಟು ಎಲ್ಲಿಗೆ ಹೋಗುತ್ತೆ?"

"ಸೀದಾ ಇಂಜಿನ್ ಗೇರಿಗೆ ಸಾರ್," ಎಂದ ವೇಣುಗೋಪಾಲ್. "ನಿಮ್ಮ ಹಳೇದು ಅಲ್ಯುಮಿನಿಯಂ. ಅದು ಬಗ್ಗಿದ್ದಕ್ಕೇ ಇಂಜಿನ್ ಉಳ್ಕೊಂಡಿದ್ದು."

"ಹಾಗಾದ್ರೆ ಅಲ್ಯುಮಿನಿಯಂದೇ ಕೊಡು." ಮಾವ ಸೊಸೆಯ ಕಡೆ ತಿರುಗಿದರು. "ಭಾನುವಾರ ನೀನೇ ಓಡಿಸ್ಬೇಕಮ್ಮ. ನನ್ ಕಣ್ಣು ಮಂಜು ಅಂತ ಈಗ್ತಾನೆ ಹೇಳ್ಬಿಟ್ಟಿದೀನಲ್ಲ!"

ಹಳೆಯದನ್ನು ಗುಜರಿಗೆ ಎಸೆಯಲು ವೇಣುಗೋಪಾಲ್ ಕೈಚಾಚಿದ. ರಂಜಿನಿ ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕಿಕೊಂಡಳು.

"ಇದು ಇರ್ಲಿ. ಆಯುಧಪೂಜೆ ದಿನ ಇದಕ್ಕೂ ಕುಂಕುಮ ಇಡ್ಬೇಕು."