ಸೈಲೆನ್ಸರ್ ಹೂದಾನಿ

"ಇದು ಗ್ಯಾರೇಜೋ, ಹೂವಿನ ಅಂಗಡಿಯೋ?" ಎಂದು ಅಣ್ಣ ಕೂಗಿದಾಗ ತಮ್ಮನ ಕೈಯಲ್ಲಿ ಕೊನೆಯದೊಂದು ಹೂವು ಉಳಿದಿತ್ತು. ಗುಜರಿಗೆ ಹೋಗಬೇಕಿದ್ದ ತುಕ್ಕು ಹಿಡಿದ ಸೈಲೆನ್ಸರ್ ಬೆಂಚಿನ ಮೇಲೆ ನೆಟ್ಟಗೆ ನಿಂತಿತ್ತು. ಅದರ ಬಾಯಿಂದ ಹುಲ್ಲಿನ ತೆನೆಗಳು ಹೊಗೆಯ ಹಾಗೆ ಒಂದೇ ಕಡೆ ಬಾಗಿದ್ದವು. ನಡುನಡುವೆ ಬೇಲಿಬದಿಯ ಕೆಂಪು ಕಣಗಿಲೆ, ಕಿಡಿ ಹಾರಿದಂತೆ. ಗ್ರೀಸು ಮೆತ್ತಿದ ತನ್ನ ಬೆರಳುಗಳಿಂದ ಇಷ್ಟು ಚೆಂದದ್ದು ಹುಟ್ಟಿತೆಂದು ತಮ್ಮನಿಗೇ ನಂಬಲಾಗುತ್ತಿರಲಿಲ್ಲ. ಬೆಳಗಿನಿಂದ ಶಿಳ್ಳೆ ಹಾಕುತ್ತಲೇ ಇದ್ದ.

"ತೆಗೆದು ಬಿಸಾಕೋ! ಗಂಡಸಾಗಿ ಹೂ ಜೋಡಿಸ್ತಾ ಕೂತಿದ್ದಾನೆ ನೋಡು!" ಬೈಕ್ ರಿಪೇರಿಗೆ ಕಾಯುತ್ತಿದ್ದ ಗಿರಾಕಿಗಳು ಕಿಸಕ್ಕೆಂದರು. ತಮ್ಮ ಕದಲದಿದ್ದಾಗ ಅಣ್ಣ ದನಿ ಇಳಿಸಿ, ಹೆಗಲ ಮೇಲೆ ಕೈ ಹಾಕಿ ಬೆಣ್ಣೆ ಹಚ್ಚತೊಡಗಿದ. "ಹೇಳಿದ ಮಾತು ಕೇಳಪ್ಪ. ಬರೋ ವರ್ಷ ಬೋರ್ಡಿನ ಮೇಲೆ ನಿನ್ನ ಹೆಸರೂ ಬರೆಸ್ತೀನಿ."

ಬರೋ ವರ್ಷ! ಮೀಸೆ ಮೂಡುವ ಮೊದಲಿಂದ ತಮ್ಮ ಕೇಳುತ್ತ ಬಂದ ಮಾತು. ಈಗ ಆ ಮೀಸೆಯೇ ನರೆಯುತ್ತಿತ್ತು. ಅವನು ಕೈಯಲ್ಲಿದ್ದ ಹೂವನ್ನು ಅಂಗಿ ಜೇಬಿಗೆ ಸಿಕ್ಕಿಸಿ, ಸೈಲೆನ್ಸರನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಬಿಸಾಕಲು ಹೊರಟನೆಂದು ಅಣ್ಣ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ತಮ್ಮ ಅದನ್ನು ಒಯ್ದು ಬಾಗಿಲೆದುರಿಗಿದ್ದ ಅಣ್ಣನ ಮೇಜಿನ ನಟ್ಟನಡುವೆ, ಬಂದವರಿಗೆಲ್ಲ ಕಾಣುವಂತೆ ಇಟ್ಟ. ದಿಕ್ಕು ತಪ್ಪಿದ್ದ ಒಂದು ತೆನೆಯನ್ನು ಸರಿಮಾಡಿದ. ಆಮೇಲೆ ಜೇಬಿನಿಂದ ಹೂ ತೆಗೆದು, ಎಲ್ಲರೆದುರೇ ತನ್ನ ಕಿವಿಯ ಮೇಲೆ ಇಟ್ಟುಕೊಂಡ.

"ಇಷ್ಟು ವರ್ಷ ನನ್ನ ಕಿವಿ ಮೇಲೆ ನೀನು ಹೂವಿಟ್ಟೆ, ಅಣ್ಣ," ಅಂದ. "ಇವತ್ತಿಂದ ನಾನೇ ಇಟ್ಕೋತೀನಿ. ಅಲ್ಲಿ ಇನ್ನು ನಿನಗೆ ಜಾಗ ಇಲ್ಲ."