ಪಂಪಿನ ಮಡಿ

ಪೂರ್ಣಾಹುತಿಗೆ ಇನ್ನೇನು ಎದ್ದು ನಿಲ್ಲಬೇಕು, ಅಷ್ಟರಲ್ಲಿ ಹೃಷಿಕೇಶನ ಮಂತ್ರ ನಡುವೆಯೇ ನಿಂತಿತು. ಎದುರು ಕುಳಿತಿದ್ದ ತಂದೆ ಹಿರಿಯಣ್ಣ ಉಪಾಧ್ಯರು ಮಗನಿಗೆ ಮರೆತುಹೋಯಿತೆಂದು ಮುಂದಿನ ಸಾಲನ್ನು ಎತ್ತಿಕೊಟ್ಟರು. ಮಗ ಮರೆತಿರಲಿಲ್ಲ. ಬಾಯಿ ತೆರೆದೇ ಇತ್ತು, ಮಂತ್ರದ ಬದಲು ಸುಂಯ್ ಎಂಬ ಸದ್ದು ಬರುತ್ತಿತ್ತು. ಸಾಲಿಗ್ರಾಮದ ಹತ್ತಿರದ ಆ ಸಣ್ಣ ಗುಡಿಯ ಹೋಮದ ಕೋಣೆಗೆ ಇರುವುದೇ ಒಂದು ಬಾಗಿಲು. ಮಳೆಗಾಲದ ಹಲಸಿನ ಚಕ್ಕೆಯೋ, ಉರಿಯುವುದಕ್ಕಿಂತ ಹೊಗೆ ಕಾರುವುದೇ ಹೆಚ್ಚು.

ಹೃಷಿಕೇಶನಿಗೆ ಈ ದಮ್ಮು ಹೊಸತಲ್ಲ. ಕುಂದಾಪುರದ ಡಾಕ್ಟರು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡುತ್ತಿದ್ದ. ಬೆಳಿಗ್ಗೆ ಸಂಜೆ ಔಷಧ ಎಳೆದು ಬಾಯಿ ಮುಕ್ಕಳಿಸುತ್ತಿದ್ದ. ಧೂಪ ಎತ್ತುವುದನ್ನೂ ಶಂಖ ಊದುವುದನ್ನೂ ತಂದೆಗೇ ಬಿಟ್ಟಿದ್ದ. ಮಾಡಲಾಗದೆ ಉಳಿದದ್ದು ಒಂದೇ. ಉಸಿರು ಕಟ್ಟಿದಾಗ ಬಾಯಿಗಿಟ್ಟು ಔಷಧ ಎಳೆಯುವ ನೀಲಿ ಪಂಪು ಸದಾ ಮೈಮೇಲೇ ಇರಬೇಕು ಎಂದಿದ್ದರು ಡಾಕ್ಟರು. ಮಡಿ ಪಂಚೆಗೆ ಜೇಬೆಲ್ಲಿ? ಸೊಂಟಕ್ಕೆ ಸಿಕ್ಕಿಸಿಕೊಳ್ಳೋಣವೆಂದರೆ ಉಪಾಧ್ಯರು ಬಿಡಬೇಕಲ್ಲ.

“ಬಾಯಿಗ್ ಇಟ್ಟದ್ದ್ ಅಂದ್ರೆ ಎಂಜ್ಲೇ. ಎಂಜ್ಲ್ ಕಟ್ಕಂಡ್ ದೇವ್ರನ್ ಮುಟ್ಟೂದಾ?” ಎಂದು ಅವರು ಹೇಳಿದ ಮೇಲೆ ಮುಗಿಯಿತು, ಮನೆಯಲ್ಲಿ ಅದಕ್ಕೆ ಅಪೀಲಿಲ್ಲ. ಆದರೆ ಸೊಸೆ ಶ್ರೀವಾಣಿ ಮಾವನ ಜೊತೆ ಮಾತು ಬಿಟ್ಟಳು. ಊಟ ಬಡಿಸುತ್ತಿದ್ದಳು, ‘ಸಾಕಾ ಮಾವಯ್ಯ’ ಎಂದು ಕೇಳುತ್ತಿರಲಿಲ್ಲ. ಮುದುಕರಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಕೊನೆಗೆ ಒಂದು ರಾಜಿಗೆ ಬಂದರು: ಪಂಪು ಹೋಮದ ಕೋಣೆಯ ಬಾಗಿಲ ಬದಿಯಲ್ಲಿ, ಬಾಳೆಲೆಯ ಮೇಲೆ ಇರಲಿ. ಆದರೆ ಅದನ್ನು ಅಲ್ಲಿ ತಂದಿಡುವವರು ತಾವೇ.

ಈಗ ಹೃಷಿಕೇಶ ಗೋಡೆ ಹಿಡಿದು ಎದ್ದು ಅಲ್ಲಿಗೇ ಹೋದ. ಪಂಪು ಎತ್ತಿ ಅಲುಗಾಡಿಸಿ ಬಾಯಿಗಿಟ್ಟು ಒತ್ತಿದ. ಔಷಧ ಬರಲಿಲ್ಲ. ಗಲ್ಲದ ಮೇಲೆ ನೀರಿನ ಹನಿ ಇಳಿಯಿತು. ಮತ್ತೆ ಒತ್ತಿದ, ಮತ್ತೆ ನೀರು. ಅವನ ಹೆಗಲೆರಡೂ ಮೇಲೆ ಕೆಳಗೆ ಆಗತೊಡಗಿದವು.

ಹೊಸ್ತಿಲಿನಾಚೆ ಕುಳಿತಿದ್ದ ಶ್ರೀವಾಣಿ ದಡಬಡಿಸಿ ಎದ್ದಳು. “ಹ್ವಾಯ್! ಅದ್ರೊಳ್ಗೆ ನೀರ್ ಹ್ಯಾಂಗ್ ಬಂತ್?”

ಉಪಾಧ್ಯರ ಕೈಯಲ್ಲಿದ್ದ ತುಪ್ಪದ ಸೌಟು ಅಲ್ಲೇ ನಿಂತಿತು. “ನಾನೇ... ಬಾಮಿ ನೀರಂಗೆ ಮುಳ್ಗ್ಸಿ ಮುಳ್ಗ್ಸಿ ತೆಗ್ದೆ. ಮಡಿ ಆಯ್ಲಿ ಅಂದೇಳಿ.”

ಪಾಪ, ಅವರು ಮಾಡಿದ್ದು ಪ್ರೀತಿಯಿಂದಲೇ. ಮಗನಿಗೂ ಆಗಬೇಕು, ದೇವರಿಗೂ ಆಗಬೇಕು ಎಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಯಾರಿಗೂ ಹೇಳದೆ ಪಂಪಿಗೆ ಸ್ನಾನ ಮಾಡಿಸಿದ್ದರು. ಈಗ ಮಗನ ತುಟಿ ನೀಲಿಗಟ್ಟುವುದನ್ನು ಕಣ್ಣಾರೆ ನೋಡುತ್ತ ನಿಂತರು. ಶ್ರೀವಾಣಿ ಹೊಸ್ತಿಲಿನ ತನಕ ಬಂದವಳು ಅಲ್ಲೇ ನಿಂತಳು. ಅವಳು ಮಡಿಯಲ್ಲಿರಲಿಲ್ಲ. ಒಳಗೆ ಕಾಲಿಟ್ಟರೆ ಹೋಮವೆಲ್ಲ ಕೆಟ್ಟಂತೆ.

“ಎಂತ ನೋಡ್ತಾ ನಿಂತದ್ ವಾಣಿ? ಒಳ್ಗ್ ಬಾ!”

“ಮೈಲ್ಗಿ ಆತ್ತಲ್ದಾ ಮಾವಯ್ಯ?”

“ಆಯ್ಲಿ. ನೀ ಬಾ!”

ಅವಳು ಒಂದೇ ನೆಗೆತಕ್ಕೆ ಒಳಗೆ ಬಂದಳು. ಗಂಡನನ್ನು ಹೊಗೆಯಿಂದ ಹೊರಗೆ ಜಗಲಿಗೆ ಎಳೆತಂದು, ಮುಂದಕ್ಕೆ ಬಾಗಿಸಿ ಕೂರಿಸಿದಳು. ಪಂಪಿನ ಒಳಗಿನ ಡಬ್ಬಿಯನ್ನು ಕಿತ್ತು ತೆಗೆದಳು, ಪ್ಲಾಸ್ಟಿಕ್ಕಿನ ತೂತಿಗೆ ಬಾಯಿಟ್ಟು ಊದಿದಳು, ಸೆರಗಿನಿಂದ ಒರೆಸಿದಳು, ಮತ್ತೆ ಜೋಡಿಸಿ ಗಾಳಿಗೆ ಒತ್ತಿದಳು. ಏನೂ ಇಲ್ಲ. ಇನ್ನೊಮ್ಮೆ ಒತ್ತಿದಳು. ಪುಸ್ ಎಂದು ಬಿಳಿ ಹಬೆ ಬಂತು. “ನಿಧಾನ ಎಳ್ಕಣಿ... ಹಿಡ್ಕಣಿ... ಈಗ ಬಿಡಿ,” ಎನ್ನುತ್ತ ಅವನ ಬಾಯಿಗಿಟ್ಟಳು. “ಕಡ್ಮೆ ಆಗ್ದಿದ್ರೆ ಸೀದಾ ಆಸ್ಪತ್ರಿಗೆ ಹೋಪ್ದೇ.” ಹೋಗಬೇಕಾಗಿ ಬರಲಿಲ್ಲ. ಸದ್ದು ನಿಧಾನಕ್ಕೆ ಇಳಿಯಿತು, ತುಟಿಗೆ ಬಣ್ಣ ಬಂತು. ಅಷ್ಟೂ ಹೊತ್ತು ದರ್ಭೆಯ ಉಂಗುರ ತೊಟ್ಟ ಉಪಾಧ್ಯರ ಕೈ ಮಗನ ಬೆನ್ನನ್ನು ನೀವುತ್ತಲೇ ಇತ್ತು. ಹೋಮ ಮಾಡಿಸುತ್ತಿದ್ದ ಮನೆಯವರು ಮೆಲ್ಲಗೆ, “ಭಟ್ರೇ, ಪೂರ್ಣಾಹುತಿ?” ಎಂದರು.

“ಕಾಯ್ಲಿ. ದೇವ್ರಿಗ್ ಎಂತ ಅರ್ಜೆಂಟ್ ಇಲ್ಲೆ,” ಎಂದರು ಉಪಾಧ್ಯರು, ತಲೆ ಎತ್ತದೆ. ಆಮೇಲೆ ಅವರೊಬ್ಬರೇ ಮತ್ತೆ ಸ್ನಾನ ಮಾಡಿ ಬಂದು, ಕೋಣೆಯನ್ನು ಶುದ್ಧ ಮಾಡಿ ಹೋಮ ಮುಗಿಸಿದರು. ಇನ್ನು ಮೇಲೆ ಹೋಮವೆಲ್ಲ ಹೊರಗಿನ ಚಪ್ಪರದಲ್ಲಿ ಎಂದೂ ಅವರೇ ಹೇಳಿದರು. ಶ್ರೀವಾಣಿ ಅಂದು ಮಧ್ಯಾಹ್ನ ಬಡಿಸುವಾಗ, “ಸಾಕಾ ಮಾವಯ್ಯ?” ಎಂದು ಕೇಳಿದಳು. ಮುದುಕರ ಕಣ್ಣು ತುಂಬಿತು, ಸಾರಿಗೆ ಖಾರ ಜಾಸ್ತಿಯಾಯಿತೆಂದರು.

ಮರುದಿನ ಬೆಳಿಗ್ಗೆ ಪೂಜೆಗೆ ಬಂದ ಹೃಷಿಕೇಶ ಬಾಗಿಲ ಬದಿ ನೋಡಿದ. ಬಾಳೆಲೆಯೂ ಇಲ್ಲ, ಪಂಪೂ ಇಲ್ಲ. ಗಾಬರಿಯಿಂದ ತಿರುಗಿದರೆ, ಗರ್ಭಗುಡಿಯ ಬಾಗಿಲ ಪಕ್ಕದ ಗೂಡಿನಲ್ಲಿ, ಹಿತ್ತಾಳೆಯ ಕಾಲಿನ ಮೇಲೆ ಕೂತ ಶಂಖಕ್ಕೆ ಒತ್ತಿಕೊಂಡು ನೀಲಿ ಪಂಪು ನಿಂತಿತ್ತು.

“ಅಪ್ಪಯ್ಯ, ಇದ್ ಇಲ್ಲಿ...”

“ಇರ್ಲಿ. ಶಂಖ್ವನ್ನೂ ಬಾಯಿಗ್ ಇಟ್ಟೇ ಊದ್ತಾ ಬಂದೆ. ಒಬ್ರೂ ಎಂಜ್ಲ್ ಅಂದಿಲ್ಲೆ,” ಎಂದರು ಉಪಾಧ್ಯರು. ಅವರು ಬತ್ತಿ ಹೊಸೆಯುತ್ತಿದ್ದರು. ಮಗನ ಮುಖ ನೋಡದೆಯೇ ಇನ್ನೊಂದು ಮಾತು ಸೇರಿಸಿದರು.

“ಊದಿ ಆದ್ ಮೇಲೆ ಶಂಖ್ವನ್ನ್ ತೊಳಿತೆ. ಇದನ್ನ್ ಮಾತ್ರ ಇನ್ ತೊಳೂದಿಲ್ಲೆ.”